ತಮ್ಮನ ಗಿಟಾರ್ ನುಡಿಸಿದ ಪಾತ್ರೆ ವ್ಯಾಪಾರಿ

"ಅಜ್ಜಾರೇ, ತೀರಿಹೋದವರ ಮನಸ್ಸನ್ನು ಬದುಕಿದ್ದಾಗ ನೋಯಿಸಿದ್ದರೆ, ಅದನ್ನು ಈಗ ಸರಿಮಾಡುವ ದಾರಿ ಯಾವುದು?" ಎಂದು ಕಲ್ಮೇಶ ಕೇಳಿದ.

ಕಲ್ಮೇಶ ಹೊಗೆಸೊಪ್ಪಿನ ದಲಾಲಿ. ಹೆಂಡತಿ ತೀರಿ ವರ್ಷವಾಗಿತ್ತು. ಮನೆಯಲ್ಲಿ ಎರಡು ಹೆಣ್ಣುಮಕ್ಕಳಿದ್ದರು. ಹೆಂಡತಿಯ ಹೆಸರಿನಲ್ಲಿ ಮಠದ ಮುಂದೆ ಒಂದು ಅರವಟಿಗೆ ಕಟ್ಟಿಸಬೇಕೆಂದಿದ್ದ. ಕಲ್ಲು ಯಾವ ಊರಿನದು, ಹೆಸರನ್ನು ಎಷ್ಟು ಆಳಕ್ಕೆ ಕೆತ್ತಿಸಬೇಕು ಎಂಬುದನ್ನೆಲ್ಲ ಗೊತ್ತುಮಾಡಿಕೊಂಡೇ ಬಂದಿದ್ದ. ಮಠದ ಅಜ್ಜ ಅಡವಯ್ಯನವರು ಅರವಟಿಗೆಯ ಮಾತಿಗೆ ಹೋಗಲಿಲ್ಲ. ಒಂದು ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಹಿತ್ತಾಳೆ, ತಾಮ್ರ, ಕಂಚು ಅವನ ಮಾಲು. ಬೆರಳ ಗೆಣ್ಣಿನಿಂದ ಒಮ್ಮೆ ಬಡಿದರೆ ಸಾಕು, ಕೊಡ ಎಷ್ಟು ದಪ್ಪ, ಬೆಸುಗೆ ಎಲ್ಲಿದೆ, ಬಿರುಕು ಯಾವ ಮಗ್ಗುಲಿಗೆ ಎಂದು ಹೇಳುತ್ತಿದ್ದ. ಕಣ್ಣು ಮೋಸ ಹೋಗಬಹುದು, ಕಿವಿ ಹೋಗದು ಎನ್ನುತ್ತಿದ್ದ. ಆ ಕಿವಿಯನ್ನು ವ್ಯಾಪಾರಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಬಳಸಿದವನಲ್ಲ.

ಅವನಿಗೆ ಒಬ್ಬ ತಮ್ಮನಿದ್ದ. ಅವನೂ ಅಂಗಡಿಯಲ್ಲಿ ಕೂರುತ್ತಿದ್ದ, ಬಿಡುವಿನಲ್ಲಿ ಗಿಟಾರ್ ನುಡಿಸುತ್ತಿದ್ದ. ನಾಲ್ವರು ಗೆಳೆಯರು ಸೇರಿ ಒಂದು ಬ್ಯಾಂಡ್ ಕಟ್ಟಿಕೊಂಡಿದ್ದರು. ಅವರದು ಪೋಸ್ಟ್-ಪಂಕ್ ಎಂಬ ಬಗೆ. ಪಂಕ್ ಎಂಬ ಅಬ್ಬರದ ಸಂಗೀತ ಕೂಗಿ ಕೂಗಿ ದಣಿದ ಮೇಲೆ ಹುಟ್ಟಿದ್ದಂತೆ ಅದು. ಅದರಲ್ಲಿ ಗಿಟಾರ್ ಮೆರೆಯುವುದಿಲ್ಲ, ಕಡಿಮೆ ಮಾತಾಡುತ್ತದೆ. ತಮ್ಮನ ಗಿಟಾರ್ ಎಲ್ಲರಿಗಿಂತ ಕಡಿಮೆ ಮಾತಾಡುತ್ತಿತ್ತು. ಸುರ ಹುಟ್ಟಿದೊಡನೆ ಸಾಯುತ್ತಿತ್ತು, ತುಂಬಿದ ಕೊಡವನ್ನು ಬಡಿದ ಹಾಗೆ. ನಡುನಡುವೆ ಮೌನ. ಮುಗಿಯಿತೆಂದು ಕೇಳುವವರು ಎದ್ದುನಿಲ್ಲುವಾಗ ಮತ್ತೆ ಎರಡು ಸುರ. ದೊಡ್ಡ ಊರುಗಳ ಹುಡುಗರು ಬೆರಗಾದರು. ಇಷ್ಟು ದುಃಖವನ್ನು ಇಷ್ಟು ಸಣ್ಣ ದನಿಯಲ್ಲಿ ಹೇಳುವವನು ಇನ್ನೊಬ್ಬನಿಲ್ಲ ಎಂದರು. ಒಂದು ಕ್ಯಾಸೆಟ್ಟೂ ಬಂತು. ಅದರ ಕೊನೆಯ ಹಾಡಿನಲ್ಲಿ ಉಳಿದವರೆಲ್ಲ ಕೈ ನಿಲ್ಲಿಸಿ, ಗಿಟಾರ್ ಒಂದೇ ನುಡಿಯುವ ಸೋಲೋ ಇತ್ತು. ಅದರಿಂದಲೇ ಅವನಿಗೆ ಹೆಸರು ಬಂತು.

ಇಪ್ಪತ್ತೊಂಬತ್ತಕ್ಕೆ ತಮ್ಮ ಕಾಮಾಲೆಯಲ್ಲಿ ತೀರಿಕೊಂಡ. ಅವನ ಹೆಂಡತಿ ಹೆರಿಗೆಯಲ್ಲೇ ಹೋಗಿದ್ದಳು. ಉಳಿದದ್ದು ಒಂದು ವರ್ಷದ ಹೆಣ್ಣುಕೂಸು. ವ್ಯಾಪಾರಿ ಕೂಸನ್ನು ತನ್ನ ಹೆಂಡತಿಯ ಮಡಿಲಿಗೆ ಹಾಕಿದ. ಗಿಟಾರನ್ನು ತಿಂಗಳೊಳಗೆ ಮಾರಿದ. ನುಡಿಸುವವನಿಲ್ಲದ ವಾದ್ಯ ಹುಳ ತಿನ್ನುವ ಕಟ್ಟಿಗೆ ಎಂದ. ವ್ಯಾಪಾರಿಯ ಮಾತು ಅದು, ತಪ್ಪೆನ್ನಲು ಬರುವುದಿಲ್ಲ.

ಹುಡುಗಿ ಆ ಕ್ಯಾಸೆಟ್ ಕೇಳುತ್ತಲೇ ಬೆಳೆದಳು. ಬಾಯಿ ಸತ್ತ ಹುಡುಗಿ. ಹೊಸ ಬಟ್ಟೆ ಬೇಕೆನ್ನಲಿಲ್ಲ, ಸಾರಿಗೆ ಉಪ್ಪಿಲ್ಲ ಎನ್ನಲಿಲ್ಲ. ಸಾಕಿದರೆ ಹೀಗೆ ಸಾಕಬೇಕು ಎಂದು ವ್ಯಾಪಾರಿ ನಾಲ್ಕು ಜನರ ಮುಂದೆ ಹೇಳಿಕೊಳ್ಳುತ್ತಿದ್ದ.

ಇಪ್ಪತ್ತಮೂರಕ್ಕೆ ಅವಳ ಮದುವೆ ಗೊತ್ತಾಯಿತು. ಮದುವೆಗೆ ಎಂಟು ತಿಂಗಳಿರುವಾಗ ಟೇಪ್ ರೆಕಾರ್ಡರ್ ಕ್ಯಾಸೆಟ್ಟನ್ನು ತಿಂದುಹಾಕಿತು. ಹುಡುಗಿ ತುಂಡಾದ ರೀಲನ್ನು ಉಡಿಯಲ್ಲಿ ಇಟ್ಟುಕೊಂಡು ಕೂತಳು. ಅಳಲಿಲ್ಲ. ಎರಡು ದಿನ ಉಣ್ಣಲೂ ಇಲ್ಲ. ವ್ಯಾಪಾರಿ ಮೂರು ಊರುಗಳಲ್ಲಿ ಹುಡುಕಿಸಿದ, ಇನ್ನೊಂದು ಕ್ಯಾಸೆಟ್ ಸಿಗಲಿಲ್ಲ. ಈ ಹುಡುಗಿಗೂ ಏನೋ ಒಂದು ಬೇಕು ಎಂಬುದು ಅವನ ಕಣ್ಣಿಗೆ ಬಿದ್ದದ್ದು ಅದೇ ಮೊದಲು. ಅವನಿಗೆ ತಾಳಲಾಗಲಿಲ್ಲ.

"ನಿನ್ನಪ್ಪ ನುಡಿಸಿದ್ದನ್ನ ಇದ ಮನ್ಯಾಗ, ನಿನ್ನ ಎದುರಿಗೆ ಕುಂತು, ನಾನ ನುಡಿಸಿ ಕೇಳಸ್ತೀನಿ. ಆಗಲಿಲ್ಲಂದ್ರ ನಿನ್ನ ಧಾರೀಗೆ ನಾ ನಿಂದ್ರೂದಿಲ್ಲ," ಎಂದ.

ಹುಡುಗಿ ಮುಖ ಎತ್ತಿ ನೋಡಿದಳು. ಅಂದು ಉಂಡಳು.

ಸಿಗದ ಮಾಲು ಎಂಬುದಿಲ್ಲ, ತಿರುಗದ ಕಾಲು ಇರುತ್ತದೆ ಎನ್ನುತ್ತಾರೆ ಪೇಟೆಯಲ್ಲಿ. ವ್ಯಾಪಾರಿ ತಿರುಗಿದ. ಗಿಟಾರ್ ರೈಲ್ವೆ ಕ್ವಾರ್ಟರ್ಸಿನ ಒಬ್ಬ ಮುದುಕನ ಮನೆಯಲ್ಲಿತ್ತು. ಮಾರಿದವನೇ ಮರಳಿ ಕೊಳ್ಳಲು ಹೋದರೆ ಚೌಕಾಸಿಗೆ ಬಾಯಿ ಇರುವುದಿಲ್ಲ. ಕೇಳಿದಷ್ಟು ಕೊಟ್ಟು ತಂದ. ಕ್ಯಾಸೆಟ್ಟಿನ ಹೊದಿಕೆಯ ಚಿತ್ರದಲ್ಲಿ ತಮ್ಮನ ಕಾಲ ಬಳಿ, ಗಿಟಾರಿನ ನಾದ ಬದಲಿಸಲು ತುಳಿಯುವ ಎರಡು ಪೆಡಲ್ ಇದ್ದವು. ಭೂತಗನ್ನಡಿ ಹಿಡಿದು ಅವುಗಳ ಗುರುತು ನೋಡಿಕೊಂಡ, ಅವೇ ಬೇಕೆಂದು ಹಟ ಹಿಡಿದು ತರಿಸಿದ. ಆಂಪ್ಲಿಫೈಯರ್ ಕೂಡ ಅದೇ ಕಾಲದ್ದು, ಅದೇ ಅಳತೆಯದು. ರೇಡಿಯೋ ರಿಪೇರಿಯವನು ರೀಲಿನ ತುಂಡುಗಳನ್ನು ಅಂಟಿಸಿಕೊಟ್ಟ. ಅರ್ಧ ಸೋಲೋ ಉಳಿಯಿತು. ಉಳಿದರ್ಧ ಹುಡುಗಿಯ ಬಾಯಲ್ಲಿತ್ತು. ಅವಳು ಗುನುಗಿದಳು, ಸಂಗೀತದ ಮಾಸ್ತರರೊಬ್ಬರು ಸುರ ಬರೆದುಕೊಟ್ಟರು.

ಐವತ್ತೆಂಟರ ಬೆರಳು ತಂತಿಗೆ ಬಗ್ಗುವುದು ಸುಲಭವಲ್ಲ. ಗುಳ್ಳೆ ಎದ್ದವು, ಒಡೆದವು, ಜಡ್ಡುಗಟ್ಟಿದವು. ದಿನಕ್ಕೆ ಎರಡು ತಾಸು ಪಡಸಾಲೆಯಲ್ಲಿ ಕೂತು ಬಾರಿಸಿದ. ಆರು ತಿಂಗಳಿಗೆ ಸುರಗಳು ಒಂದೂ ಬಿಡದೆ ಕೈಗೆ ಬಂದವು.

ಆದರೆ ಅದು ಆ ನಾದವಲ್ಲ. ತಮ್ಮನ ಸುರ ಹುಟ್ಟಿ ಸಾಯುತ್ತಿತ್ತು. ಇವನದು ಹುಟ್ಟಿ ಗುಂಯ್ ಎಂದು ಮನೆ ತುಂಬ ತಿರುಗುತ್ತಿತ್ತು. ತಂತಿ ಬದಲಿಸಿದ. ಹಳೆಯ, ತುಕ್ಕು ಹತ್ತಿದ ತಂತಿ ಹಾಕಿಸಿದ. ಪೆಡಲುಗಳ ಗುಂಡಿಗಳನ್ನು ಕೂದಲೆಳೆಯಷ್ಟು ತಿರುಗಿಸಿ ನೋಡಿದ. ಇನ್ನು ಆ ಮೌನಗಳು. ಗಡಿಯಾರ ಹಿಡಿದು ಅಳೆದ. ಒಂದು ಮೂರು ಸೆಕೆಂಡು, ಇನ್ನೊಂದು ಐದು, ಮತ್ತೊಂದು ಒಂದೂವರೆ. ಯಾವ ತಾಳಕ್ಕೂ ಕೂರುವುದಿಲ್ಲ. ತಕ್ಕಡಿಯ ಮನುಷ್ಯನಿಗೆ ಲೆಕ್ಕ ತಪ್ಪಿದ ಮೌನ ತಲೆ ತಿನ್ನತೊಡಗಿತು. ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದ ಹುಡುಗಿ ಚೆನ್ನಾಗಿದೆ ಎನ್ನುತ್ತಿದ್ದಳು. ಅವಳು ಎಲ್ಲದಕ್ಕೂ ಚೆನ್ನಾಗಿದೆ ಎನ್ನುವವಳು. ಅವನ ಕಿವಿ ಒಪ್ಪಲಿಲ್ಲ.

ಮದುವೆಗೆ ಹತ್ತು ದಿನ ಉಳಿಯಿತು. ವ್ಯಾಪಾರಿ ತಮ್ಮನ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದ ಗೆಳೆಯನನ್ನು ಹುಡುಕಿ ಕರೆಸಿದ. ಅವನೀಗ ಹೆದ್ದಾರಿಯ ಪಕ್ಕ ಟೈರಿಗೆ ಪಂಕ್ಚರ್ ಹಾಕುತ್ತಿದ್ದ. ಬಂದು ಕೂತ, ಚಹಾ ಕುಡಿದ, ಸೋಲೋ ಪೂರ್ತಿ ಕೇಳಿದ.

"ಸಾವ್ಕಾರ್ರ, ಸುರದಾಗ ಒಂದೂ ತಪ್ಪಿಲ್ಲ. ನೀವು ಕುಂತ ಜಾಗಾ ತಪ್ಪೈತಿ," ಎಂದ.

"ಪಡಸಾಲ್ಯಾಗ ಗಾಳಿ ಐತಿ, ಬೆಳಕೈತಿ. ಏನಪಾ ತಪ್ಪು?"

"ಅಂವ ಇಲ್ಲಿ ಯಾವತ್ತರ ಕುಂತಿದ್ನೇನು? ಒಳಗ ಒಡಕ ಪಾತ್ರೆ ತುಂಬೂ ಕೋಣಿ ಐತೆಲ್ಲಾ, ಅಲ್ಲೆ ಕುಂದರತಿದ್ದ. ನೀವು ಮಧ್ಯಾಹ್ನ ಮಲಗಿದಾಗ."

ಆ ಪೇಟೆಯಲ್ಲಿ ಒಂದೂವರೆಗೆ ಅಂಗಡಿ ಬಾಗಿಲು ಹಾಕಿ ನಾಲ್ಕಕ್ಕೆ ತೆರೆಯುವುದು ರೂಢಿ. ಉಂಡು ಮಲಗದ ವ್ಯಾಪಾರಿ ಸಂಜೆಯ ಗಿರಾಕಿಗೆ ಸೋಲುತ್ತಾನೆ ಎಂದು ಅಲ್ಲಿಯ ಹಿರಿಯರು ನಂಬಿದ್ದರು. ಮಿಕ್ಕ ಹೊತ್ತೆಲ್ಲ ತಮ್ಮನು ಅಂಗಡಿಯಲ್ಲಿ ಇರಬೇಕಿತ್ತು. ಗಿಟಾರಿಗೆ ಉಳಿದದ್ದು ಆ ಎರಡೂವರೆ ತಾಸು. ಅಣ್ಣನ ಮಂಚ ಗೋಡೆಯ ಆಚೆಗಿತ್ತು.

"ಸಪ್ಪಳ ಆಚಿಗೆ ಹೋಗಬಾರದಂತ ತಂತಿ ಬುಡಕ ನಿಮ್ಮ ಹಳೇ ಧೋತ್ರದ ಚಿಂದಿ ತುರಕತಿದ್ದ," ಎಂದು ಡ್ರಮ್ಮಿನವನು ಮುಂದುವರಿಸಿದ. "ನಡು ನಡು ನಿಂದ್ರತಿದ್ನಲ್ಲಾ, ಅದೂ ತಾಳ ಅಲ್ರಿ. ನಿಮ್ಮ ಗೊರಕಿ ನಿಂತ್ರ ಅಂವ ನಿಂದ್ರತಿದ್ದ, ಎದ್ದರೇನೋ ಅಂತ. ಮತ್ತ ಗೊರಕಿ ಹತ್ತಿತಂದ್ರ ಮುಂದಿನ ಸುರ. ಕೈಗೆ ಅದ ರೂಢಿ ಆಗಿ ಸ್ಟೇಜಿನ ಮ್ಯಾಲೂ ಹಂಗ ಬಂತು. ಮಂದಿ ಚಪ್ಪಾಳಿ ಹೊಡೀತಿದ್ರು, ನಾವು ಹಿಂದ ಕುಂತು ನಗತಿದ್ವಿ. ಆ ಸೋಲೋದಾಗ ಅರ್ಧಾ ಪಾಲು ನಿಮ್ದ ಐತಿ, ಸಾವ್ಕಾರ್ರ!"

ಅವನು ನಕ್ಕ. ವ್ಯಾಪಾರಿ ನಗಲಿಲ್ಲ.

ತಮ್ಮನಿದ್ದ ಕಾಲದಲ್ಲಿ ಒಂದು ಮಧ್ಯಾಹ್ನ ಗಿಟಾರಿನ ಸದ್ದಿಗೆ ಅವನು ನಿಜಕ್ಕೂ ಎದ್ದಿದ್ದ. ಬಡಿಯಲಿಲ್ಲ, ಬೈಯಲಿಲ್ಲ. ಗಿಟಾರನ್ನು ತಮ್ಮನ ಕೈಯಿಂದ ತೆಗೆದುಕೊಂಡು ಹೋಗಿ ಅಂಗಡಿಯಲ್ಲಿ ಸೌಟು, ಜಾಲರಿಗಳ ಸಾಲಿನಲ್ಲಿ ನೇತುಹಾಕಿದ. ರಟ್ಟಿನ ತುಂಡಿನ ಮೇಲೆ ಬೆಲೆ ಬರೆದು ಕಟ್ಟಿದ. ಎಂಟು ದಿನ ತಮ್ಮ ಅದರ ಕೆಳಗೆ ಕೂತು ಪಾತ್ರೆ ಮಾರಿದ. ಗಿರಾಕಿಗಳು ಇದೆಷ್ಟಕ್ಕೆ ಎಂದು ಕೇಳಿದರೆ ಬೆಲೆ ಅವನೇ ಹೇಳಬೇಕಾಗಿತ್ತು. ಯಾರೂ ಕೊಳ್ಳಲಿಲ್ಲ. ಒಂಬತ್ತನೆಯ ದಿನ ವ್ಯಾಪಾರಿ ಅದನ್ನು ಇಳಿಸಿ ತಮ್ಮನ ಕೈಗೆ ಕೊಟ್ಟ. ಕೈ ಎತ್ತದೆ ಬುದ್ಧಿ ಕಲಿಸಿದೆ ಎಂದು ಆ ದಿನ ಅವನಿಗೆ ಹೆಮ್ಮೆ ಎನಿಸಿತ್ತು. ಅಂದಿನಿಂದ ಮನೆಯಲ್ಲಿ ಗಿಟಾರಿನ ಸದ್ದು ಅವನಿಗೆ ಕೇಳಿರಲಿಲ್ಲ. ತಮ್ಮನು ಮನೆಯಲ್ಲಿ ನುಡಿಸುವುದನ್ನು ಬಿಟ್ಟಿದ್ದಾನೆ ಎಂದೇ ತಿಳಿದಿದ್ದ.

ಮರುದಿನ ಅವನು ಒಡಕು ಪಾತ್ರೆಗಳನ್ನು ಸರಿಸಿ ಆ ಕೋಣೆಯಲ್ಲಿ ಕೂತ. ಧೋತರದ ಚೂರು ಹರಿದು ತಂತಿಯ ಬುಡಕ್ಕೆ ತುರುಕಿದ. ಮೊದಲ ಸುರಕ್ಕೇ ಅವನ ಕಿವಿ ಒಪ್ಪಿತು. ಅದೇ ನಾದ. ಹುಟ್ಟಿತು, ಸತ್ತಿತು. ಆರು ತಿಂಗಳಲ್ಲಿ ಪೆಡಲುಗಳಿಗೆ ಸಾಧ್ಯವಾಗದ್ದನ್ನು ಒಂದು ಗೇಣು ಬಟ್ಟೆ ಮಾಡಿತು.

ಮೌನಗಳು ಮಾತ್ರ ಬರಲಿಲ್ಲ. ಅಳತೆ ಸರಿ ಇತ್ತು, ಮೌನ ಸರಿ ಇರಲಿಲ್ಲ. ಅವನು ನಿಲ್ಲಿಸಿದಾಗ ಗಿಟಾರ್ ಸುಮ್ಮನಾಗುತ್ತಿತ್ತು, ಅಷ್ಟೆ. ತಮ್ಮನದು ಸುಮ್ಮನಾಗಿ ಕಿವಿಗೊಡುತ್ತಿತ್ತು. ವ್ಯಾಪಾರಿ ಹೆಂಡತಿಯನ್ನು ಕರೆದು, ಆಚೆಯ ಮಂಚದ ಮೇಲೆ ಸ್ವಲ್ಪ ಹೊತ್ತು ಮಲಗು, ನೀನು ಏಳುತ್ತೀಯೋ ಎಂದು ನಾನು ಇಲ್ಲಿಂದ ಆಲಿಸಬೇಕು ಎಂದ.

ಹೆಂಡತಿ ಸೆರಗಿನಿಂದ ಕೈ ಒರೆಸಿಕೊಂಡಳು. "ನಾ ಎದ್ದು ಬಂದ್ರ ನೀವು ಅಂಜತೀರೇನು?"

ಮನೆಯಲ್ಲಾಗಲಿ ಪೇಟೆಯಲ್ಲಾಗಲಿ ಅವನು ಅಂಜಬೇಕಾದವರು ಒಬ್ಬರೂ ಇರಲಿಲ್ಲ. ಹಾಗೆ ಬದುಕಿದ್ದನ್ನೇ ಇಷ್ಟು ದಿನ ದೊಡ್ಡ ಗಳಿಕೆ ಎಂದುಕೊಂಡಿದ್ದ.

ದಿನ ನಿಲ್ಲುವುದಿಲ್ಲ. ಹುಡುಗಿಗೆ ಮದುವೆಯ ಬಳೆ ಇಡಿಸಿದ ದಿನ ಅವಳನ್ನು ಆ ಕೋಣೆಗೆ ಕರೆದು ಕೂರಿಸಿದ. ಹಸಿರು ಬಳೆ ಮೊಣಕೈವರೆಗೂ ಇದ್ದವು. ಸದ್ದಾಗದಂತೆ ಅವಳು ಎರಡೂ ಕೈಗಳನ್ನು ತೊಡೆಗೆ ಒತ್ತಿ ಹಿಡಿದು ಕೂತಳು. ಅವನು ನುಡಿಸಿದ. ಸುರ ಅದೇ, ನಾದ ಅದೇ, ಮೌನಗಳು ಗಡಿಯಾರದವು. ಮುಗಿದ ಮೇಲೆ ಅವಳು ತುಸು ಹೊತ್ತು ತಂತಿಯ ಬುಡದ ಬಟ್ಟೆಯನ್ನೇ ನೋಡಿದಳು.

"ದೊಡ್ಡಪ್ಪಾ, ಅಪ್ಪ ಇಷ್ಟು ಸಣ್ಣ ದನೀಲೆ ಯಾಕ ನುಡಸ್ತಿದ್ದ? ನಡು ನಡು ಯಾಕ ನಿಂದ್ರತಿದ್ದ?"

ಹುಟ್ಟಿದಾಗಿನಿಂದ ಅವಳು ಆ ಮನೆಯಲ್ಲಿ ಕೇಳಿದ ಮೊದಲ ಪ್ರಶ್ನೆ ಅದು. ವ್ಯಾಪಾರಿಯ ಬಾಯಿಯವರೆಗೆ ಉತ್ತರ ಬಂತು. ಹೇಳಿದರೆ ಹುಡುಗಿಗೆ ತವರು ಇಲ್ಲದಂತಾಗುತ್ತದೆ ಎಂದುಕೊಂಡ. ತನಗೆ ಹುಡುಗಿ ಇಲ್ಲದಂತಾಗುತ್ತದೆ ಎಂಬುದನ್ನು ಆ ಮಾತಿನ ಅಡಿಯಲ್ಲಿ ಮುಚ್ಚಿಟ್ಟುಕೊಂಡ. ಚಿಲ್ಲರೆ ಹುಡುಕುವವನಂತೆ ಕತ್ತು ಬಗ್ಗಿಸಿದ.

"ಅದು ಅವನ ಶೈಲಿ, ಯವ್ವಾ. ಮಂದಿ ಎಲ್ಲಾ ಅದಕ್ಕ ಮೆಚ್ಚಿದ್ರು," ಎಂದ.

ಹುಡುಗಿ ಹೂಂ ಎಂದಳು. ಚೆನ್ನಾಗಿತ್ತು ಎಂದಳು. ಕಾಲಿಗೆ ಬಿದ್ದು ಎದ್ದು ಹೋದಳು. ಕೊಟ್ಟ ಮಾತು ನಡೆಸಿದೆ ಎಂಬ ಸಮಾಧಾನದಲ್ಲಿ ಅವನು ಧಾರೆಗೆ ನಿಂತ, ನೀರು ಬಿಟ್ಟ. ಆಮೇಲೆ ವರ್ಷಕ್ಕೊಮ್ಮೆ, ಹೆಣ್ಣುಮಕ್ಕಳು ತವರಿಗೆ ಬರುವ ಪಂಚಮಿ ಹಬ್ಬಕ್ಕೆ ಕರೆ ಕಳುಹಿಸಿದ. ಅವಳು ಪ್ರತಿ ಸಲವೂ ಮರ್ಯಾದೆಯಿಂದ ಒಂದು ನೆವ ಹೇಳಿ ಕಳುಹಿಸಿದಳು.

ಅಡವಯ್ಯನವರು ಕತೆ ನಿಲ್ಲಿಸಿದರು.

ಕಲ್ಮೇಶ ಅವಸರದಿಂದ ಕೇಳಿದ: "ಹಾಗಾದರೆ ಅವಳು ದೊಡ್ಡಪ್ಪನ ಮಾತನ್ನು ನಂಬಲಿಲ್ಲವೇ, ಅಜ್ಜಾರೇ? ಡ್ರಮ್ಮಿನವನು ಅವಳಿಗೂ ಹೇಳಿಬಿಟ್ಟಿದ್ದನೇ?"

"ಯಾರು ಹೇಳಬೇಕು ಕಲ್ಮೇಶಾ, ಅವಳೂ ಇಪ್ಪತ್ತಮೂರು ವರ್ಷ ಅದೇ ಮನೆಯ ಮಧ್ಯಾಹ್ನಗಳಲ್ಲಿ, ಅದೇ ಗೊರಕೆಗೆ ಕಿವಿಗೊಟ್ಟು, ಉಸಿರು ಹಿಡಿದು ಬೆಳೆದವಳು."