ಇಳಿಜಾರಿನಲ್ಲಿ ಎರಡನೇ ಗೇರು

ಹಾಲು ತಂದ ಸಿದ್ದವ್ವ ಸುಮ್ಮನೆ ಹೋಗಬಾರದಿತ್ತೇ? ಹೋಗಲಿಲ್ಲ. ಆಶ್ರಮದ ಕಟ್ಟೆಯ ಮೇಲೆ ಕ್ಯಾನು ಇಟ್ಟು, ಕರಿಬಸವನ ಕಿವಿಯಲ್ಲಿ ಒಂದು ಮಾತು ಹಾಕಿಯೇ ಹೋದಳು.

"ನಿಮ್ಮಣ್ಣ ಗುರುಶಾಂತ ಚಹಾದಂಗಡ್ಯಾಗ ಕುಂತು ಅಜ್ಜಾರಿಗೆ ಕಳ್ಳ ಸ್ವಾಮಿ ಅಂದ ನೋಡು. ನಾಕ್ ಮಂದಿ ಮುಂದ!"

ಕರಿಬಸವನ ಮೈಗೆ ಬೆಂಕಿ ಬಿತ್ತು.

ಅವನು ಗುಡ್ಡ ಹತ್ತಿ ಆಶ್ರಮದ ಸ್ವಾಮಿಗಳಾದ ಅಜ್ಜಾರ ಶಿಷ್ಯನಾಗಿ ಮೂರು ವರ್ಷ. ತಂದೆತಾಯಿ ಇಲ್ಲದ ಅವನಿಗೆ ಅನ್ನ ಹಾಕಿ ದೊಡ್ಡವನನ್ನಾಗಿ ಮಾಡಿದವನು ಈ ಗುರುಶಾಂತನೇ, ನಿಜ. ಆದರೇನಂತೆ? ಗುರುವಿಗೆ ಕಳ್ಳ ಅನ್ನುವುದೇ? ಇವತ್ತು ಅವನ ಬಾಗಿಲಲ್ಲಿ ನಿಂತು, ಇನ್ನು ಮೇಲೆ ನೀನು ನನ್ನ ಅಣ್ಣನಲ್ಲ ಅಂತ ಹೇಳಿ ಬರುವುದೇ ಸೈ.

ಆಶ್ರಮದ ಹಳೇ ಕಾರಿನ ಕೀಲಿ ಕಿತ್ತುಕೊಂಡು ಓಡಿದ. ನೋಡುತ್ತಾನೆ, ಮುಂದಿನ ಸೀಟಿನಲ್ಲಿ ಅಜ್ಜಾರು ಆಗಲೇ ಕೂತುಬಿಟ್ಟಿದ್ದಾರೆ!

"ನೀವ್ಯಾಕ್ರಿ ಅಜ್ಜಾರ?"

"ನೀ ಎಲ್ಲಿಗೆ?"

"ಕೆಳಗ, ಊರಿಗೆ. ಕೆಲಸ ಐತ್ರಿ."

"ಹೌದೇನು? ನಡಿ ಹಂಗಾರ."

ಗುಡ್ಡದ ದಾರಿ ಶುರುವಾಗುತ್ತಲೇ ಕರಿಬಸವ ಗೇರು ತೆಗೆದು ನ್ಯೂಟ್ರಲ್‌ಗೆ ಹಾಕಿದ. ಕಾರು ದಡದಡ ಇಳಿಯತೊಡಗಿತು.

"ಗೇರ್ ಯಾಕ ತಗದಿ ತಮ್ಮಾ?"

"ಇಳಿಜಾರ ಐತಲ್ರಿ, ತಾನ ಹೊಕ್ಕೈತಿ. ಪೆಟ್ರೋಲೂ ಉಳೀತೈತಿ."

"ತಾನ ಹೊಕ್ಕೈತಿ, ಖರೆ. ತಾನ ನಿಂದರತೈತೇನು?"

"ಬ್ರೇಕ್ ಐತಲ್ರಿ!"

ಅಜ್ಜಾರು ಬಾಗಿಲಿನ ಹಿಡಿ ಗಟ್ಟಿಯಾಗಿ ಹಿಡಿದುಕೊಂಡರು. ಕಾವಿ ಉಡುವ ಮುಂಚೆ ಇದೇ ಘಾಟಿಯಲ್ಲಿ ಲಾರಿ ಓಡಿಸಿದವರು ಅವರು. ಆದರೆ ಸಿಟ್ಟು ಬಂದವನಿಗೆ ಕಿವಿ ಎಲ್ಲಿರುತ್ತೆ ಹೇಳಿ? ಕರಿಬಸವ ಅಣ್ಣನಿಗೆ ಅನ್ನಬೇಕಾದ ಮಾತುಗಳನ್ನು ಬಾಯಲ್ಲೇ ಮಸೆಯುತ್ತಿದ್ದ. ತಿರುವು ಬಂದಾಗ ಬ್ರೇಕು ತುಳಿಯುವುದು, ದಾಟಿದ ಮೇಲೆ ಬಿಡುವುದು. ಮತ್ತೆ ತಿರುವು, ಮತ್ತೆ ತುಳಿ.

ಸುಟ್ಟ ವಾಸನೆ ಬಂತು.

ಮುಂದಿನ ತಿರುವಿನಲ್ಲಿ ಕಾಲಡಿಯ ಪೆಡಲು ಮೆತ್ತಗಾಯಿತು. ಒತ್ತಿದರೆ ನೆಲ ಮುಟ್ಟುತ್ತಿದೆ, ಕಾರು ಮಾತ್ರ ಕೇಳುತ್ತಿಲ್ಲ.

"ಅಜ್ಜಾರ! ಬ್ರೇಕ್ ಹಿಡೀವಲ್ದು!"

ಹೆದರಿದವನು ಸೀದಾ ಒಂದನೇ ಗೇರಿಗೆ ಎಳೆದ. ಕರ್ರ್ ಎಂದು ಗೇರು ಕಿರುಚಿತು.

"ಒಂದಕ್ಕ ಬ್ಯಾಡಲೇ, ಗೇರಿನ ಹಲ್ಲ ಮುರೀತಾವು! ಕ್ಲಚ್ ಒತ್ತು. ಆಕ್ಸಿಲರೇಟರ್ ಚೂರ ಕೊಡು, ಎಂಜಿನ್ ದನಿ ಏರಲಿ. ಹಾಂ, ಈಗ ಮೂರಕ್ಕ ಹಾಕು. ಕ್ಲಚ್ ಸಾವಕಾಶ ಬಿಡು."

ಎಂಜಿನ್ನು ಗುರ್ ಎಂದಿತು. ಹಿಂದಿನಿಂದ ಯಾರೋ ಹಗ್ಗ ಹಿಡಿದು ಜಗ್ಗಿದ ಹಾಗಾಯಿತು.

"ಈಗ ಎರಡು. ಹಂಗ ಮಾಡು. ಹಂಗ."

ತಿರುವು ದಾಟಿತು. ಒಂದು ಹುಣಸೆಮರದ ಬುಡದಲ್ಲಿ ಹ್ಯಾಂಡ್‌ಬ್ರೇಕು ಎಳೆದು ಕರಿಬಸವ ಕಾರು ನಿಲ್ಲಿಸಿದ. ಗಾಲಿಗಳಿಂದ ಹೊಗೆ ಏಳುತ್ತಿತ್ತು. ಅವನು ಕಾರಿನಲ್ಲಿದ್ದ ನೀರಿನ ಕೊಡ ಎತ್ತಿದ.

"ಏ, ಸುರೀಬ್ಯಾಡ. ಕಾದದ್ದಕ್ಕ ಒಮ್ಮೆಲೆ ನೀರ ಹಾಕಿದ್ರ ಸೀಳತೈತಿ. ತಾನ ಆರಲಿ."

"ಎಷ್ಟೊತ್ರಿ?"

"ಕೈ ಇಟ್ರ ಸುಡಬಾರದು. ಅಷ್ಟೊತ್ತು."

ಅಜ್ಜಾರು ಕಲ್ಲಿನ ಮೇಲೆ ಕೂತು ಹುಣಸೆಕಾಯಿ ಚೀಪಿದರು. ಕರಿಬಸವ ಕೂರಲಿಲ್ಲ. ಹೋದ, ಬಂದ, ಗಾಲಿ ಮುಟ್ಟಿದ, ಬೆರಳು ಸುಟ್ಟುಕೊಂಡ, ಮತ್ತೆ ಹೋದ.

"ಅಂವ ನಿಮಗ ಕಳ್ಳ ಅಂದಾನ್ರಿ ಅಜ್ಜಾರ! ನಾಕ್ ಮಂದಿ ಮುಂದ!"

"ಅಂದಿದ್ದು ನನಗ. ಹೊಗಿ ನಿನ್ನ ತಲ್ಯಾಗ."

"ಹಂಗಾರ ಸಿಟ್ಟ ಬರಬಾರದೇನ್ರಿ?"

"ಗುಡ್ಡಕ್ಕ ಇಳಿಜಾರ ಇರಬಾರದು ಅಂದ್ರ ಆಕ್ಕೈತೇನು?" ಅಜ್ಜಾರು ಬೀಜ ಉಗುಳಿದರು. "ತಿರುವು ಬಂದಮ್ಯಾಲ ಬ್ರೇಕ್ ತುಳೀಬ್ಯಾಡ. ಬರೂದ್ರಾಗ ಗೇರ್ ಇಳಿಸು. ಯಾವ ಗೇರಿನಾಗ ಗುಡ್ಡ ಹತ್ತೀವಿ, ಅದ ಗೇರಿನಾಗ ಇಳೀಬೇಕು. ಎರಡರಾಗ ನಡಿ."

ಗಾಲಿ ಆರಿತು. ಎರಡನೇ ಗೇರಿನಲ್ಲಿ ಹೊರಟರು. ಎಂಜಿನ್ನು ಗುಯ್ಯೆನ್ನುತ್ತಿತ್ತು, ಕಾರು ಮಾತ್ರ ಗರ್ಭಿಣಿಯ ನಡಿಗೆ. ಹಿಂದಿನಿಂದ ಬಂದ ಸೈಕಲ್ಲಿನವನೊಬ್ಬ ಬೆಲ್ಲು ಬಾರಿಸಿ ಮುಂದೆ ಹೋದ. ಕರಿಬಸವನ ಜೀವ ಚಡಪಡಿಸಿತು. ಇಷ್ಟು ನಿಧಾನದಲ್ಲಿ ಸಿಟ್ಟನ್ನಾದರೂ ಹೇಗೆ ಕಾಯ್ದುಕೊಳ್ಳುವುದು!

ಮಸೆದಿಟ್ಟ ಮಾತುಗಳನ್ನು ಮತ್ತೆ ನೆನಪು ಮಾಡಿಕೊಂಡ. ನೀನು ಮನುಷ್ಯನೇ ಅಲ್ಲ, ಅಂತ ಒಂದಿತ್ತು. ಆದರೆ ಜ್ವರ ಬಂದಾಗ ಇವನನ್ನು ಹೆಗಲ ಮೇಲೆ ಹೊತ್ತು ಆಸ್ಪತ್ರೆಗೆ ಓಡಿದವನು ಮತ್ತೆ ಯಾರು? ಆ ಮಾತು ಬಿದ್ದುಹೋಯಿತು. ನಿನ್ನ ಋಣ ಹರಿಯಿತು, ಅಂತ ಇನ್ನೊಂದು. ಅದನ್ನು ಗಟ್ಟಿಯಾಗಿ ಹಿಡಿದುಕೊಂಡ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಅನ್ನುತ್ತಾರೆ. ಕೊಯ್ಯುವುದಕ್ಕೆ ಅದೊಂದು ಮಾತು ಸಾಕಿತ್ತು.

ಮನೆ ಬಂತು. ಗುರುಶಾಂತ ಬಾಗಿಲಲ್ಲೇ ನಿಂತಿದ್ದ, ಹೆಗಲ ಮೇಲೆ ಟವೆಲು.

"ಬಂದೇನು? ನಿನ್ನ ಕಳ್ಳ ಸ್ವಾಮಿನ್ನೂ ಕರಕೊಂಡ ಬಂದಿ?"

ಕರಿಬಸವನ ಕಿವಿ ಕೆಂಪಾಯಿತು. ಹಿಡಿದುಕೊಂಡ ಮಾತು ನಾಲಿಗೆಯ ತುದಿಗೆ ಬಂತು. ಅವನು ಉಸಿರು ಎಳೆದುಕೊಂಡ, ಬಿಟ್ಟ. ಅಣ್ಣನ ಮುಖ ನೋಡಿದ. ಮೂರು ವರ್ಷದಲ್ಲಿ ಎಷ್ಟು ಸೊರಗಿದ್ದಾನೆ! ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳಿಬರುತ್ತಿತ್ತು.

"ಅಣ್ಣಾ," ಅಂದ. "ಹಸಿವಾಗೇತಿ."

ಗುರುಶಾಂತ ಟವೆಲಿನಿಂದ ಮುಖ ಒರೆಸಿಕೊಂಡು, "ಏ, ಇನ್ನೆರಡ ತಾಟ ಹಾಕ!" ಎಂದು ಹೆಂಡತಿಗೆ ಕೂಗಿ ಹೇಳಿ ಒಳಗೆ ಹೋಗಿಬಿಟ್ಟ.

ಕರಿಬಸವ ಕಣ್ಣೊರೆಸಿಕೊಂಡ. ಆದರೂ ಮನಸ್ಸು ತಡೆಯಲಿಲ್ಲ, ಮೆಲ್ಲಗೆ ಕೇಳಿದ.

"ಅಜ್ಜಾರ, ನಿಮಗ ಕಳ್ಳ ಅಂದಿದ್ದಕ್ಕ ಅಂವ ತಪ್ಪಾತು ಅನ್ನಲೇ ಇಲ್ಲಲ್ರಿ."

ಅಜ್ಜಾರು ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟರು.

"ತಪ್ಪೇನೈತಿ? ಅವನ್ನ ಒಂದ ಮಾತ ಕೇಳದ ಅವನ ತಮ್ಮನ್ನ ಇಟ್ಕೊಂಡ ಕುಂತಿದ್ನಿ. ಕದ್ದ ಮಾಲ ತಿರುಗಿ ಕೊಡಾಕ ಬಂದೀನಿ, ಒಳಗ ನಡಿ."