ಗ್ರಿಲ್ ಕಂಬಿಯ ಕರಿ

“ಅಣ್ಣನ ಮೇಲಿನ ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ ಗುರುಗಳೇ. ಮನಸ್ಸು ಚೊಕ್ಕಟವಾದ ಮೇಲೆ ಅವನನ್ನು ನೋಡಲು ಹೋದರೆ ಸರಿಯಲ್ಲವೇ?” ಎಂದು ಶಿಷ್ಯ ಮುರಿಗೆಯ್ಯ ಕೇಳಿದ. ಅಣ್ಣ ಹಾಸಿಗೆ ಹಿಡಿದಿದ್ದಾನೆಂದು ಊರಿನಿಂದ ಮತ್ತೆ ಮತ್ತೆ ಫೋನು ಬಂದಿತ್ತು.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಮರದ ವ್ಯಾಪಾರಿಯಿದ್ದ. ಅವನ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವುದಿತ್ತು. ಎಲ್ಲರ ಮನೆಯ ಹಾಗೆ ಉಪ್ಪಿಟ್ಟು ಕೊಟ್ಟು ಕಳಿಸುವುದು ಅವನಿಗೆ ಬೇಡವಾಗಿತ್ತು. ಮಾಳಿಗೆಯ ಮೇಲಿನ ಗ್ಯಾಸ್ ಗ್ರಿಲ್ಲಿನಲ್ಲಿ ಬದನೆಕಾಯಿ, ಪನೀರು, ಜೋಳದ ತೆನೆ ಸುಟ್ಟು ಬಡಿಸಬೇಕೆಂದು ಆಸೆಪಟ್ಟ. ಮುಚ್ಚಳ ತೆಗೆದರೆ, ಕಂಬಿಗಳ ಮೇಲೆ ಹಳೆಯ ಎಣ್ಣೆ ಮಸಾಲೆಯೆಲ್ಲ ಸುಟ್ಟು ಕರಿಗಟ್ಟಿ ಕೂತಿತ್ತು. ಹೆಂಡತಿ ಮುಚ್ಚಳ ಹಾಕಿ ಉರಿ ಜೋರು ಮಾಡಿದಳು. ಕರಿ ಬೂದಿಯಾಯಿತು. ಬ್ರಷ್ಷಿನಿಂದ ಉಜ್ಜಿ, ಎಣ್ಣೆ ಬಟ್ಟೆಯಿಂದ ಒರೆಸಿ, ಇನ್ನು ಸುಡಲು ಇಡಬಹುದು ಎಂದಳು.

ವ್ಯಾಪಾರಿ ಬಗ್ಗಿ ನೋಡಿದ. ಮೂಲೆಯಲ್ಲಿ ಒಂಚೂರು ಕಪ್ಪು ಉಳಿದಿತ್ತು. ಅದು ಕಂಡ ಮೇಲೆ ಅವನಿಗೆ ಬೇರೇನೂ ಕಾಣಲಿಲ್ಲ. ಕಂಬಿಗಳನ್ನು ಕಿತ್ತು ಬಿಸಿ ಸೋಪುನೀರಿನಲ್ಲಿ ನೆನೆಹಾಕಿದ. ಸೋಡಾ ಹಚ್ಚಿದ, ಹುಣಸೆಹಣ್ಣು ತಿಕ್ಕಿದ. ಅಷ್ಟರಲ್ಲಿ ನೆಂಟರು ಬಂದರು. ಮೊಣಕೈವರೆಗಿನ ಮಸಿಯಲ್ಲೇ ಅವರಿಗೆ ಕೈಮುಗಿದು, ಇನ್ನೇನು ಒಂದೇ ಕಂಬಿ ಎಂದು ಹೇಳಿ ಮತ್ತೆ ಮಾಳಿಗೆ ಹತ್ತಿದ. ಅವರು ಮಜ್ಜಿಗೆ ಕುಡಿದರು. ಇನ್ನೊಮ್ಮೆ ಕುಡಿದರು. ಹುಡುಗನ ತಾಯಿಗೆ ಸಕ್ಕರೆ ಕಾಯಿಲೆ. ಹೊತ್ತಿಗೆ ಸರಿಯಾಗಿ ಉಣ್ಣಬೇಕಾದವಳು ಮಾಳಿಗೆಯ ಮೆಟ್ಟಿಲನ್ನೇ ನೋಡುತ್ತ ಕೂತಿದ್ದಳು.

ಕೊನೆಗೂ ಕಂಬಿಗಳು ಬೆಳ್ಳಿಯಂತೆ ಹೊಳೆದವು. ವ್ಯಾಪಾರಿ ಅವನ್ನು ಎದೆಗವಚಿಕೊಂಡು ತಂದು ಹುಡುಗನ ತಂದೆಗೆ ತೋರಿಸಿದ. ಆತ ಒಣ ಬಾಯಲ್ಲಿ ಹೊಗಳಿದ. ಹೆಂಡತಿ ಬದನೆಕಾಯಿಯ ತಟ್ಟೆ ಎತ್ತಿಕೊಂಡಳು. ವ್ಯಾಪಾರಿ ಅಡ್ಡ ನಿಂತ.

“ಇದರ ಮೇಲೆ ಇಡುತ್ತೀಯಾ? ಮತ್ತೆ ಕರಿ ಹಿಡಿಯುತ್ತದಲ್ಲ.”

“ಹಿಡಿಯಲಿ. ಅವರು ಹಸಿದಿದ್ದಾರೆ.”

ಗಂಡಹೆಂಡಿರ ವಾದ ನಡೆದಿರುವಾಗಲೇ ಪಕ್ಕದ ಮನೆಯಿಂದ ತೆನೆ ಸುಡುವ ಘಮ ಬಂತು. ಹುಡುಗನ ತಾಯಿ ಎದ್ದು ಆ ಕಡೆ ನಡೆದಳು. ಉಳಿದವರು ಅವಳ ಹಿಂದೆ ಹೋದರು. ಆ ಮನೆಯವನ ಗ್ರಿಲ್ಲು ಕಾಡಿಗೆಯಷ್ಟು ಕಪ್ಪಗಿತ್ತು. ಯಾರು ಏನು ಎಂದು ಕೇಳದೆ ಅವನು ಎಲೆ ಹಾಕಿ ಬಡಿಸಿದ. ಅವನಿಗೂ ಮದುವೆಗೆ ಬಂದ ಮಗಳೊಬ್ಬಳಿದ್ದಳು. ಶ್ರಾವಣದಲ್ಲಿ ಆ ಹುಡುಗನೊಂದಿಗೇ ಅವಳ ಮದುವೆಯಾಯಿತು. ವ್ಯಾಪಾರಿಯೂ ಹೋಗಿ ಉಂಡು ಬಂದ. ಅವನ ಕಂಬಿಗಳು ಬಟ್ಟೆ ಸುತ್ತಿಕೊಂಡು ಬೀರುವಿನಲ್ಲಿವೆ, ಇಂದಿಗೂ ಹೊಳೆಯುತ್ತವೆ.

ಮುರಿಗೆಯ್ಯನಿಗೆ ನಗು ತಡೆಯಲಾಗಲಿಲ್ಲ. ಎಂಥ ಹುಚ್ಚನಪ್ಪ ಅವನು ಎಂದು ಕಣ್ಣೊರೆಸಿಕೊಂಡ. ಆ ನಗು ಮುಗಿಯುವವರೆಗೆ ಗುರುಗಳು ಕಾದರು.

“ನಿಮ್ಮ ಊರಿಗೆ ಮುಂದಿನ ಬಸ್ಸು ಎಷ್ಟು ಹೊತ್ತಿಗೆ?”