ತಿಳಿಗಂಜಿಯ ಪಥ್ಯ

ತುಂಗಭದ್ರೆಯ ದಂಡೆಯ ಮೇಲೆ ಒಂದು ಆಶ್ರಮವಿತ್ತು. ಅಲ್ಲಿಗೆ ಮೋಕ್ಷ ಕೇಳಿಕೊಂಡು ಬರುವವರು ಕಡಿಮೆ. ನೋವು ಹೊತ್ತುಕೊಂಡು ಬರುವವರೇ ಹೆಚ್ಚು.

ಗುರು ಅಮರಯ್ಯನವರು ವೈದ್ಯರು. ಶಿಷ್ಯ ಪಂಪಾಪತಿ ಅವರ ಬಳಿ ನಾಡಿ ನೋಡುವುದನ್ನೂ ಗಾಯ ಕಟ್ಟುವುದನ್ನೂ ಕಲಿತಿದ್ದ. ಕೈ ಚುರುಕು, ನೆನಪು ಗಟ್ಟಿ. ಒಮ್ಮೆ ಕೇಳಿದ್ದನ್ನು ಮರೆಯುತ್ತಿರಲಿಲ್ಲ. ಕೇಳಿದ್ದನ್ನು ಮತ್ತೆ ಯೋಚಿಸುತ್ತಲೂ ಇರಲಿಲ್ಲ.

ಒಂದು ಬೇಸಿಗೆಯಲ್ಲಿ ದುರುಗಪ್ಪ ಎಂಬ ಕಲ್ಲುಕುಟಿಗನನ್ನು ಮಂಚದ ಮೇಲೆ ಹೊತ್ತು ತಂದರು. ಬಂಡೆ ಉರುಳಿ ತೊಡೆಯ ಮಾಂಸ ಹರಿದುಹೋಗಿತ್ತು. ಮೈ ಕೆಂಡದಂತೆ ಸುಡುತ್ತಿತ್ತು. ಮಂಚದ ಹಿಂದೆ ಅವನ ಹೆಂಡತಿ ಗಾಳೆವ್ವ ಓಡೋಡಿ ಬಂದಿದ್ದಳು.

ಗುರುಗಳು ಗಾಯ ತೊಳೆದರು, ಲೇಪ ಹಚ್ಚಿ ಕಟ್ಟಿದರು. ಹನಿ ನೀರು ಕುಡಿಸಿದರೂ ದುರುಗಪ್ಪ ಕಾರಿಕೊಳ್ಳುತ್ತಿದ್ದ.

"ಸದ್ಯಕ್ಕೆ ತಿಳಿಗಂಜಿ ಸಾಕು" ಎಂದರು ಗುರುಗಳು. "ಬೇರೇನೂ ಬೇಡ."

ಅಷ್ಟರಲ್ಲಿ ಹೊಳೆಯ ಕೆಳಗಿನ ಊರುಗಳಲ್ಲಿ ವಾಂತಿಭೇದಿ ಎದ್ದಿದೆ ಎಂದು ಕರೆ ಬಂತು. ಗುರುಗಳು ಹರಿಗೋಲು ಹತ್ತಿದರು.

"ನಾನು ಬರುವವರೆಗೆ ಇವನು ನಿನ್ನವನು, ಪಂಪಾಪತಿ."

ಪಂಪಾಪತಿ ತಲೆಬಾಗಿದ. ಆ ಮಾತು ಅವನಿಗೆ ಹೂವಿನ ಹಾರದಂತೆ ಕಂಡಿತು.

ಆ ವಾರದಲ್ಲೇ ಜ್ವರ ಬಿಟ್ಟಿತು. ದುರುಗಪ್ಪ ಕಣ್ಣು ತೆರೆದ, ಮಾತಾಡಿದ. ಮಾತುಗಾರ ಮನುಷ್ಯ. ತಾನು ಸೀಳಿದ ಬಂಡೆಗಳ ಕಥೆ ಹೇಳಿ ಅಕ್ಕಪಕ್ಕದ ರೋಗಿಗಳನ್ನು ನಗಿಸುತ್ತಿದ್ದ.

ಗಾಳೆವ್ವ ಮೆಲ್ಲಗೆ ಬಂದು ಕೇಳಿದಳು: "ಸ್ವಾಮ್ಯಾರ, ಹಸಿವು ಹಸಿವು ಅಂತಾನ್ರಿ. ಎರಡು ತುತ್ತು ನುಚ್ಚು ಕಲಸಿ ಕೊಡ್ಲೇನ್ರಿ?"

"ಗುರುಗಳು ತಿಳಿಗಂಜಿ ಅಂದಿದ್ದಾರೆ."

"ಅದು ಜ್ವರ ಇತ್ತಂತ ಅಂದಿದ್ರೇನೋ..."

"ವೈದ್ಯ ನೀನೋ ನಾನೋ?"

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ತಪ್ಪಾತ್ರಿ."

ಮಲಗಿದ್ದಲ್ಲಿಂದಲೇ ದುರುಗಪ್ಪ ನಕ್ಕ. "ಉಂಡ ಕೈ ಯಾವುದು, ಉಣದ ಕೈ ಯಾವುದು ಅಂತ ನಮ್ಮ ಸುತ್ತಿಗಿಗೂ ಗೊತ್ತಾಗ್ತದ್ರೀ ಸ್ವಾಮ್ಯಾರ."

ಪಂಪಾಪತಿಯೂ ನಕ್ಕ. ನಕ್ಕು, ಕಷಾಯದ ಬಟ್ಟಲನ್ನು ಅವನ ಬಾಯಿಗೆ ಹಿಡಿದ.

ದಿನಗಳು ಹೋದವು, ವಾರಗಳು ಹೋದವು. ಗಾಯ ಕೀವು ಕಟ್ಟಲಿಲ್ಲ, ಕೆರಳಲಿಲ್ಲ. ಕೂಡಿಕೊಳ್ಳಲೂ ಇಲ್ಲ. ಯಾರೋ ಅರ್ಧಕ್ಕೆ ಬಿಟ್ಟುಹೋದ ಕೆಲಸದ ಹಾಗೆ ಬಿಳಿಚಿಕೊಂಡು ಬಾಯಿಬಿಟ್ಟು ಬಿದ್ದಿತ್ತು.

ಪಂಪಾಪತಿ ಲೇಪ ಬದಲಿಸಿದ. ಕಷಾಯ ಇನ್ನಷ್ಟು ಕಹಿಯಾಯಿತು. ಹಗಲೆಲ್ಲ ಬೇರು ಅರೆದ, ಅಂಗೈ ಬೊಬ್ಬೆ ಬರುವವರೆಗೆ ಅರೆದ. ಗುರುಗಳು ಬಂದಾಗ ಮುಚ್ಚಿದ ಗಾಯ ತೋರಿಸಬೇಕೆಂಬ ಹಂಬಲ ಅವನಿಗೆ.

ದುರುಗಪ್ಪನ ಕಥೆಗಳು ಚಿಕ್ಕವಾದವು. ಆಮೇಲೆ ನಿಂತವು. ಗೋಡೆಯ ಕಡೆ ಮುಖಮಾಡಿ ಮಲಗುತ್ತಿದ್ದ.

"ಈಗೀಗ ಹಸಿವು ಅನ್ನಾಂಗಿಲ್ರಿ" ಎಂದಳು ಗಾಳೆವ್ವ.

"ಒಳ್ಳೆಯದೇ ಆಯಿತು. ಪಥ್ಯ ಒಗ್ಗಿದೆ."

ಅವಳು ಗಂಡ ಉಳಿಸಿದ ಗಂಜಿಯ ಬಟ್ಟಲನ್ನು ಎತ್ತಿಕೊಂಡು ಹೋದಳು.

ಕಾರಹುಣ್ಣಿಮೆ ಕಳೆದ ಮೇಲೆ ಗುರುಗಳ ಹರಿಗೋಲು ದಂಡೆಗೆ ಬಂತು. ಅವರು ಸೋತು ಸೊರಗಿದ್ದರು. ಕೆಳಗಿನ ಊರುಗಳಲ್ಲಿ ಎಷ್ಟು ಜನ ಹೋದರೆಂದು ಅವರು ಹೇಳಲಿಲ್ಲ, ಪಂಪಾಪತಿ ಕೇಳಲಿಲ್ಲ. ನೇರವಾಗಿ ದುರುಗಪ್ಪನ ಬಳಿ ಹೋದರು.

ಹೊದಿಕೆ ಸರಿಸಿ ನೋಡಿದರು. ಪಕ್ಕೆಲುಬು ಎಣಿಸುವಂತಿದ್ದವು. ಪಾದ ಮಾತ್ರ ಊದಿಕೊಂಡಿದ್ದವು. ಗುರುಗಳು ಮೊಣಕಾಲಿನ ಕೆಳಗೆ ಹೆಬ್ಬೆರಳು ಒತ್ತಿ ತೆಗೆದರು. ಹಸಿಮಣ್ಣಿನ ಮೇಲೆ ಒತ್ತಿದಂತೆ ಗುಳಿ ಹಾಗೇ ಉಳಿಯಿತು.

"ಏನು ಕೊಡುತ್ತಿದ್ದೀಯೆ?"

ಪಂಪಾಪತಿ ಒಂದೊಂದೇ ಬೇರಿನ ಹೆಸರು, ಒಂದೊಂದೇ ಕಷಾಯದ ಅಳತೆ ಒಪ್ಪಿಸಿದ.

"ಅದನ್ನು ಕೇಳಲಿಲ್ಲ. ಏನು ಉಣ್ಣುತ್ತಿದ್ದಾನೆ?"

"ತಿಳಿಗಂಜಿ, ಗುರುಗಳೇ. ನೀವು ಹೇಳಿದ್ದೇ."

"ಜ್ವರ ಬಿಟ್ಟದ್ದು ಯಾವಾಗ?"

"ನೀವು ಹೋದ ವಾರದಲ್ಲೇ."

ಗುರುಗಳು ನೆಲದ ಮೇಲೆ ಕುಳಿತುಬಿಟ್ಟರು.

"ಗಾಯ ಯಾವುದರಿಂದ ತುಂಬುತ್ತದೆ, ಪಂಪಾಪತಿ?"

"ಲೇಪದಿಂದ."

"ಸುಣ್ಣ ಬಳಿದರೆ ಗೋಡೆ ಏಳುತ್ತದೆಯೇ? ಮಣ್ಣು ಬೇಡವೇ?"

ಪಂಪಾಪತಿ ದುರುಗಪ್ಪನ ತೋಳು ನೋಡಿದ. ದಿನಾ ನಾಡಿ ಹಿಡಿಯುತ್ತಿದ್ದ ತೋಳು ಅದು. ಅದು ಇಷ್ಟು ತೆಳ್ಳಗಾದದ್ದನ್ನು ಅವನು ಅಂದೇ ಮೊದಲ ಸಲ ಕಂಡ.

"ಬೇಳೆಕಟ್ಟು ಕೊಡು, ಹಾಲು ಕೊಡು" ಎಂದರು ಗುರುಗಳು. "ಕೂಸಿಗೆ ಕುಡಿಸುವ ಒಳಲೆಯಲ್ಲಿ ಕೊಡು. ನಾಳೆ ಕೊಂಚ ಹೆಚ್ಚು, ನಾಡಿದ್ದು ಇನ್ನೂ ಕೊಂಚ. ಅವನಾಗಿ ಬೇಡಿದರೂ ಮೀರಬೇಡ."

"ಇಷ್ಟು ದಿನ ಹಸಿದವನಿಗೆ ಇನ್ನೂ ಹಸಿವೇ, ಗುರುಗಳೇ?"

"ಬತ್ತಿದ ಕಾಲುವೆಗೆ ತೂಬನ್ನು ಪೂರಾ ಎತ್ತಿದರೆ ದಂಡೆ ಉಳಿಯುವುದಿಲ್ಲ. ಈ ಮೈಯೂ ಹಾಗೇ, ಒಮ್ಮೆಗೇ ಬಂದ ಅನ್ನವನ್ನು ತಾಳದು."

ಮೊದಲ ಒಳಲೆ ಹಾಲು ಒಳಗೆ ಹೋದದ್ದೇ ಮಲಗಿದ್ದ ಹಸಿವು ಎದ್ದು ಕುಳಿತಿತು. ಮರುದಿನ ದುರುಗಪ್ಪ ಪಂಪಾಪತಿಯ ಕೈ ಹಿಡಿದುಕೊಂಡ.

"ಸ್ವಾಮೀ, ಉಣ್ಣಾಕ ಕೊಡ್ರಿ."

"ಸ್ವಲ್ಪ ತಡೆ, ದುರುಗಪ್ಪ."

"ತಡದೀನಲ್ರೀ, ಸ್ವಾಮೀ. ನೀವು ಅಂದಷ್ಟು ದಿನ ತಡದೀನಲ್ರೀ."

ದೊಡ್ಡ ಮನುಷ್ಯ ಮಗುವಿನ ಹಾಗೆ ಅಳತೊಡಗಿದ. ಪಂಪಾಪತಿಗೆ ಆ ಅಳು ನೋಡಲಾಗಲಿಲ್ಲ. ತಾನು ಕಿತ್ತುಕೊಂಡದ್ದನ್ನು ತಾನೇ ಮರಳಿಸಬೇಕು ಎನ್ನಿಸಿತು. ಅಂದು ಗುರುಗಳು ಪಕ್ಕದ ಹಳ್ಳಿಗೆ ಹೋಗಿ ಅಲ್ಲೇ ತಂಗಿದ್ದರು.

ಅವನೇ ಒಲೆಯ ಮುಂದೆ ಕುಳಿತು ಗೋಧಿ ಹುಗ್ಗಿ ಮಾಡಿದ. ಕೈಬಿಚ್ಚಿ ಬೆಲ್ಲ ಹಾಕಿದ. ದೊಡ್ಡ ಬಟ್ಟಲು ತುಂಬಿಸಿ ಗಾಳೆವ್ವನ ಕೈಗೆ ಕೊಟ್ಟ.

"ಗುರು ಅಪ್ಪಾರು ಬ್ಯಾಡ ಅಂದಾರಲ್ರಿ?"

"ನಾನು ಹೇಳುತ್ತೇನೆ. ಉಣಿಸು."

ಗಾಳೆವ್ವ ತುತ್ತು ತುತ್ತಾಗಿ ಉಣಿಸಿದಳು. ದುರುಗಪ್ಪ ಬೆರಳು ನೆಕ್ಕಿದ. ಇನ್ನೊಂದು ಬಟ್ಟಲು ಉಂಡ. ಹೆಂಡತಿಯ ಮುಖ ನೋಡಿ ನಕ್ಕ, ಮೊದಲಿನ ನಗು. ಗಾಳೆವ್ವ ಪಂಪಾಪತಿಗೆ ಕೈಮುಗಿದಳು.

ಎಷ್ಟೋ ದಿನದ ಮೇಲೆ ಪಂಪಾಪತಿಯ ಎದೆ ಹಗುರಾಯಿತು. ಬೆಳಗಾದ ಮೇಲೆ ಮತ್ತೊಮ್ಮೆ ಬಡಿಸಿದ.

ಮಧ್ಯಾಹ್ನದ ಹೊತ್ತಿಗೆ ದುರುಗಪ್ಪನಿಗೆ ಉಸಿರು ಸಾಲದಾಯಿತು. ಕೈಕಾಲು ಸೋತು ಬಿದ್ದವು. ಹೆಂಡತಿಯನ್ನು ಬೇರೆ ಯಾರದೋ ಹೆಸರಿನಿಂದ ಕರೆದ. ನಾಡಿ ಒಮ್ಮೆ ಓಡುತ್ತಿತ್ತು, ಒಮ್ಮೆ ಎಡವುತ್ತಿತ್ತು.

ಸುದ್ದಿ ಕೇಳಿ ಗುರುಗಳು ಓಡಿ ಬಂದರು. ಮಂಚದ ಕೆಳಗೆ ಹುಗ್ಗಿ ಮೆತ್ತಿದ ಬಟ್ಟಲಿತ್ತು. ಅದನ್ನು ನೋಡಿದರು. ತಮಗೆ ತಿಳಿದದ್ದನ್ನೆಲ್ಲ ಮಾಡಿದರು. ಕೊನೆಗೆ ಅವನ ಕೈ ಹಿಡಿದು ಕುಳಿತರು.

ಹೊತ್ತು ಮುಳುಗುವ ಮುಂಚೆ ದುರುಗಪ್ಪ ತೀರಿಕೊಂಡ.

ಗಾಳೆವ್ವ ಮೊದಲು ಅಳಲಿಲ್ಲ. ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು.

"ಅಪ್ಪಾರ, ನನ್ನ ಕೈತುತ್ತ ಅವನಿಗೆ ಮುಳುವಾತೇನ್ರಿ?"

ಗುರುಗಳು ಪಂಪಾಪತಿಯ ಕಡೆ ನೋಡಿದರು.

ಅವನ ನಾಲಿಗೆಯ ತುದಿಗೆ ಬೇರೆ ಮಾತುಗಳೇ ಬಂದವು. ಹಣೆಬರಹ, ಋಣ ತೀರಿತು, ಬಂಡೆಯ ಪೆಟ್ಟು ಒಳಗೆ ಇಳಿದಿತ್ತು. ಯಾವುದನ್ನು ಹೇಳಿದ್ದರೂ ಅವಳು ನಂಬುತ್ತಿದ್ದಳು.

"ನಿನ್ನ ಕೈಯದೇನೂ ತಪ್ಪಿಲ್ಲ, ತಾಯಿ" ಎಂದ ಪಂಪಾಪತಿ. "ಉಣಿಸಬೇಡ ಅಂದವನು ನಾನು. ಆಮೇಲೆ, ಗುರುಗಳ ಮಾತು ಮೀರಿ, ಉಣಿಸು ಅಂದವನೂ ನಾನೇ."

ಅವಳು ಬೈಯುತ್ತಾಳೆ, ಮಣ್ಣು ತೂರುತ್ತಾಳೆ ಎಂದು ಅವನು ಕಾದ. ಅವಳು ಅವನ ಮುಖವನ್ನೇ ನೋಡಿದಳು.

"ಜ್ವರ ಬಿಟ್ಟಾಗ್ಲೇ ನಾ ಕೇಳಿದ್ನೆಲ್ರಿ."

ಅಷ್ಟೇ. ಆಮೇಲೆ ಗಂಡನ ಎದೆಯ ಮೇಲೆ ಬಿದ್ದು ಅತ್ತಳು.

ಊರಿನವರು ಬಂದು ಹೆಣ ಹೊತ್ತುಕೊಂಡು ಹೋದರು. ಬರುವಾಗ ಆರು ಜನಕ್ಕೂ ಭಾರವಾಗಿದ್ದವನನ್ನು ಈಗ ಇಬ್ಬರೇ ಎತ್ತಿದರು. ಗಾಳೆವ್ವ ಹಿಂತಿರುಗಿ ನೋಡಲಿಲ್ಲ.

ಪಂಪಾಪತಿ ಹೊಳೆಯ ದಂಡೆಯಲ್ಲಿ ಕುಳಿತ. ಸ್ನಾನಕ್ಕೆ ಏಳಲಿಲ್ಲ, ಪ್ರಾರ್ಥನೆಗೆ ಏಳಲಿಲ್ಲ. ಮೋಡ ಕವಿದಿತ್ತು, ನೀರಿಗೂ ಆಕಾಶಕ್ಕೂ ಒಂದೇ ಬಣ್ಣ. ಗುರುಗಳು ಬಂದು ಹಿಂದೆ ನಿಂತರು.

"ನನ್ನನ್ನು ಬೈಯಿರಿ, ಗುರುಗಳೇ."

"ಬೈದರೆ ನೀನು ಹಗುರಾಗುತ್ತೀಯೆ."

"ಮೊದಲು ನಿಮ್ಮ ಮಾತನ್ನು ಪಾಲಿಸಿ ಕೊಂದೆ. ಆಮೇಲೆ ನಿಮ್ಮ ಮಾತನ್ನು ಮೀರಿ ಕೊಂದೆ. ಪಾಲಿಸಬೇಕೋ ಮೀರಬೇಕೋ, ನನಗೆ ತಿಳಿಯದು."

"ಎರಡು ಸಲವೂ ನೀನು ನನ್ನ ಮಾತನ್ನೇ ನೋಡಿದೆ. ಮಲಗಿದ್ದವನನ್ನು ನೋಡಲಿಲ್ಲ."

ಪಂಪಾಪತಿ ಮೊಣಕಾಲಿಗೆ ಹಣೆ ಒತ್ತಿದ.

"ನಾನಿನ್ನು ಯಾರ ನಾಡಿಯನ್ನೂ ಹಿಡಿಯಲಾರೆ. ನನ್ನೂರಿಗೆ ಹೋಗುತ್ತೇನೆ."

"ನಿನ್ನೂರಿನಲ್ಲಿ ಯಾರೂ ಕಾಯಿಲೆ ಬೀಳುವುದಿಲ್ಲವೇ?"

ಹೊಳೆ ಹರಿಯುತ್ತಿತ್ತು. ಆಶ್ರಮದ ಕಡೆಯಿಂದ ಯಾರೋ ಕೆಮ್ಮುವುದು ಕೇಳಿಸಿತು.

"ಹಾಗಾದರೆ ಏನು ಮಾಡಲಿ, ಗುರುಗಳೇ?"

"ಎದ್ದು ಅಡುಗೆಮನೆಗೆ ಹೋಗು."

"ಅಡುಗೆ ಮಾಡಲೇ?"

"ಬೇಡ. ರೋಗಿಗಳು ಉಂಡ ತಟ್ಟೆಗಳನ್ನು ತೊಳೆ."

ಪಂಪಾಪತಿ ತಲೆ ಎತ್ತಿದ. "ಇದು ನನಗೆ ಶಿಕ್ಷೆಯೇ?"

ಗುರುಗಳು ಆಗಲೇ ದಂಡೆ ಹತ್ತುತ್ತಿದ್ದರು. ತಿರುಗದೆಯೇ ಹೇಳಿದರು:

"ತೊಳೆಯುವ ಮುಂಚೆ, ಯಾರ ತಟ್ಟೆಯಲ್ಲಿ ಏನು ಉಳಿದಿದೆ ಅಂತ ನೋಡು."